ನಾಗಭೂಷಣ ಮನೆಗೆ ಒಯ್ದ ಫೈಲು

2005ರಲ್ಲಿ ನಾನು ರಾಜರಾಜೇಶ್ವರಿನಗರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ವಿಭಾಗದ ಮುಖ್ಯಸ್ಥನಾಗಿದ್ದೆ. ದೊಡ್ಡ ಮಳೆ ಬಂದರೆ, ನಗರದ ಕೊಳಚೆಯೆಲ್ಲ ಹರಿಯುವ ವೃಷಭಾವತಿ ನದಿ ಎಲ್ಲಿ ಉಕ್ಕುತ್ತದೆ, ನಾಯಂಡಹಳ್ಳಿಯ ಯಾವ ಬೀದಿಗೆ ನೀರು ನುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ತೋರಿಸುವ ಮಾಡೆಲ್ ಕಟ್ಟುತ್ತಿದ್ದೆವು. ಮಳೆಯ ಭಾಗ ಒಬ್ಬರದು, ಮೋರಿಗಳದು ಇನ್ನೊಬ್ಬರದು. ಸೇತುವೆಯ ಕೆಳಗೆ ನೀರು ಕಟ್ಟಿಕೊಂಡು ಹಿಂದಕ್ಕೆ ಒತ್ತುವ ಭಾಗ, ಎಲ್ಲಕ್ಕಿಂತ ತಲೆನೋವಿನದು, ನಾಗಭೂಷಣನ ಪಾಲಿಗೆ ಬಂದಿತ್ತು.

ಇಷ್ಟು ಜನ ಒಂದೇ ಪ್ರೋಗ್ರಾಮ್ ತಿದ್ದುವಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಡುವ ಅಪಾಯವಿರುತ್ತದೆ. ಅದನ್ನು ತಡೆಯಲೆಂದೇ ವರ್ಷನ್ ಕಂಟ್ರೋಲ್. ಫೈಲುಗಳೆಲ್ಲ ಆಫೀಸಿನ ಸರ್ವರ್‌ನಲ್ಲಿರುತ್ತವೆ. ಬೇಕಾದದ್ದನ್ನು ಚೆಕ್-ಔಟ್ ಮಾಡಿ ತೆಗೆದುಕೊಂಡು, ತಿದ್ದಿ, ಚೆಕ್-ಇನ್ ಮಾಡಿ ಹಿಂದಿರುಗಿಸಬೇಕು. ಅಲ್ಲಿಯವರೆಗೆ ಆ ಫೈಲಿಗೆ ಬೀಗ, ಪಕ್ಕದಲ್ಲಿ ತೆಗೆದುಕೊಂಡವನ ಹೆಸರು. ಸಂಜೆ ಹೊರಡುವ ಮುನ್ನ ಹಿಂದಿರುಗಿಸಿ ಎಂದು ನಾನು ಬಾಯಿ ನೋಯುವಷ್ಟು ಹೇಳುತ್ತಿದ್ದೆ. ನಾಗಭೂಷಣ ಮಾತ್ರ ಫೈಲನ್ನು ಸಿಡಿಗೆ ಹಾಕಿಕೊಂಡು ಬಸವೇಶ್ವರನಗರದ ಮನೆಗೆ ಒಯ್ದು, ವಾರಗಟ್ಟಲೆ ಅಲ್ಲೇ ತಿದ್ದುತ್ತಿದ್ದ.

“ಅರ್ಧ ಬೆಂದ ಅನ್ನ ಯಾರಾದ್ರೂ ಬಡಿಸ್ತಾರಾ ಸಾರ್? ತಡೀರಿ, ಕೊಡ್ತೀನಿ” ಎನ್ನುತ್ತಿದ್ದ.

“ನೀನು ಬೇಯಿಸೋದ್ರೊಳಗೆ ನಾನು ರಿಟೈರ್ ಆಗಿರ್ತೀನಿ ಕಣಯ್ಯಾ” ಎಂದು ನಾನೂ ರೇಗಿಸುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ನಲವತ್ತೂ ತುಂಬಿರಲಿಲ್ಲ. ಹಾಳಾದವನು, ಹೀಗೆ ಹೋಗುವುದೇ? ಸೇತುವೆಯ ಫೈಲಿನ ಪಕ್ಕದಲ್ಲಿ ಅವನ ಹೆಸರು ಹಾಗೆಯೇ ಇತ್ತು. ಬೀಗ ಒಡೆಯುವ ಅಧಿಕಾರ ನನಗಿತ್ತು. ಆದರೆ ಒಡೆದರೆ ಸಿಗುವುದು ಎರಡು ತಿಂಗಳ ಹಿಂದಿನ ಪ್ರತಿ. ಆಮೇಲಿನ ಕೆಲಸವೆಲ್ಲ ಅವನ ಮನೆಯ ಕಂಪ್ಯೂಟರಿನಲ್ಲಿತ್ತು.

ಕಾರ್ಯಗಳೆಲ್ಲ ಮುಗಿಯಲಿ ಎಂದು ಕಾದು, ಆಮೇಲೆ ಅವನ ಮನೆಗೆ ಹೋದೆ. ಅವನ ಹೆಂಡತಿ ಶಾರದಾ ವಿಷಯ ಕೇಳಿ ಬಿಳಿಚಿಕೊಂಡರು.

“ಅಯ್ಯೋ, ದಾನ ಕೊಟ್ಬಿಟ್ವಲ್ಲ ಸಾರ್! ಅವರು ಬಳಸ್ತಿದ್ದಿದ್ದನ್ನ ಕೊಡಬೇಕು ಅಂದ್ರು ದೊಡ್ಡೋರು. ಚಪ್ಪಲಿ, ಛತ್ರಿ, ಹಾಸಿಗೆ ಕೊಟ್ವಿ. ದಿನಾ ಮುಟ್ತಿದ್ದಿದ್ದು ಕಂಪ್ಯೂಟರೇ ಅಲ್ವಾ ಅಂತ ನಾನೇ ಅದನ್ನೂ ಕೊಡಿಸಿದೆ.”

ಅದು ಕಾಮಾಕ್ಷಿಪಾಳ್ಯದ ಒಂದು ಟ್ಯೂಷನ್ ಸೆಂಟರಿಗೆ ಹೋಗಿತ್ತು. ಅಲ್ಲಿಗೆ ಓಡಿದೆ. ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ಎಲ್ಲ ಹಾಕಿ, ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟಿದ್ದರು. ಬಲ್ಲವರಿಂದ ಡಿಸ್ಕ್ ಕೆದಕಿಸಿ ನೋಡಿದರೂ ಅವನ ಒಂದು ಸಾಲೂ ಸಿಗಲಿಲ್ಲ.

ಶಾರದಾ ಫೋನ್ ಮಾಡಿದರು. “ಸಿಕ್ತಾ ಸಾರ್?”

ಗಂಡನ ಕಡೆಯ ಕೆಲಸವನ್ನು ನೀವೇ ಕೈಯಾರೆ ಕಳೆದಿರಿ ಎಂದು ಆ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳಲಿ? “ಸಿಕ್ತಮ್ಮ, ಎಲ್ಲಾ ಇದೆ” ಎಂದೆ.

“ಹಾಗಾದ್ರೆ ಮುಗಿದ ಮೇಲೆ ನಂಗೊಂದ್ಸಲ ತೋರಿಸಿ.”

ಬೀಗ ಒಡೆದೆ. ಹಳೆಯ ಪ್ರತಿಯಿಂದ ಶುರುಮಾಡಿ, ಅವನು ಟೀ ಕುಡಿಯುತ್ತಾ ವಿವರಿಸಿದ್ದನ್ನೆಲ್ಲ ನೆನಪಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಹೇಗೋ ಮುಗಿಸಿದೆವು. ಶಾರದಾ ಬಂದರು. ಪರದೆಯ ಮೇಲೆ ನೀಲಿ ನೀರು ಸೇತುವೆಗೆ ಬಡಿದು, ಹಿಂದಕ್ಕೆ ತಿರುಗಿ, ನಾಯಂಡಹಳ್ಳಿಯ ಬೀದಿಗಳಿಗೆ ನುಗ್ಗಿತು. ಅವರು ತುಂಬ ಹೊತ್ತು ನೋಡಿದರು.

“ಇದು ಅವರದ್ದಲ್ಲ, ಅಲ್ವಾ ಸಾರ್?”

ನಾನು ಹೌದೆಂದು ತಲೆಯಾಡಿಸಿದೆ.

“ಅವರು ನೀರಿಗೆ ಕಪ್ಪು ಬಣ್ಣ ಹಾಕಿದ್ರು. ‘ವೃಷಭಾವತಿ ಎಲ್ಲಿ ನೀಲಿ ಇದೆ ಕಣೇ’ ಅಂತ ನಗ್ತಿದ್ರು.” ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀವು ಸುಳ್ಳು ಹೇಳಿದ್ದೇ ಒಳ್ಳೇದಾಯ್ತು. ಆವತ್ತೇ ಗೊತ್ತಾಗಿದ್ರೆ ನಾನು ತಡ್ಕೊಳ್ತಿರಲಿಲ್ಲ.”

ಅವರನ್ನು ಬಸ್ ಹತ್ತಿಸಿ ಬಂದು ನೀರಿನ ಬಣ್ಣ ಕಪ್ಪು ಮಾಡಿದೆ. ಚೆಕ್-ಇನ್ ಮಾಡುವಾಗ, ಏನು ಬದಲಾಯಿತು ಎಂದು ಬರೆಯುವ ಜಾಗದಲ್ಲಿ, ‘ನಾಗಭೂಷಣ ಹೇಳಿದಂತೆ’ ಎಂದು ಬರೆದೆ. ಆ ಎರಡು ತಿಂಗಳ ಅವನ ಕೆಲಸದಲ್ಲಿ ನಮಗೆ ಉಳಿದದ್ದು ಆ ಬಣ್ಣವೊಂದೇ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಿದ್ದೆ: ಅರ್ಧ ಬೆಂದಿದ್ದರೂ ಪರವಾಗಿಲ್ಲ, ಬಡಿಸಿಟ್ಟು ಮನೆಗೆ ಹೋಗಪ್ಪ.