ದಂಡೆಗೆ ಅಂಟಿದ ಬಿಳಿ ಚೆಂಡು

ಪೂಲ್ ಮೇಜಿನ ಮೇಲೆ ಬಾಗುವ ಮುಂಚೆ ಗುರುಪಾದಪ್ಪನವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು. ಹಾಗೆಂದು ನನ್ನ ನೆನಪು. ಯಾವಾಗಲೂ ಹಾಗೆ ಮಾಡುತ್ತಿದ್ದರೋ, ಒಮ್ಮೆ ಕಂಡದ್ದನ್ನು ನಾನು ಎಲ್ಲ ದಿನಗಳಿಗೂ ಹಚ್ಚಿದ್ದೇನೋ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಪುರಾವೆ ಕೇಳುವುದನ್ನು. ಆ ಅಭ್ಯಾಸ ಈಗ ನನ್ನ ಮೇಲೆಯೇ ತಿರುಗಿದೆ. ಗಡಿಯ ಊರಾದ ಉಮರ್ಗಾದ ಆ ಕೋಣೆಯಲ್ಲಿ ಯಾರು ಯಾವ ಮಾತು ಮೊದಲು ಆಡಿದರು, ನಾನು ಕಣ್ಣಾರೆ ಕಂಡದ್ದೆಷ್ಟು, ಅವರ ಹೆಂಡತಿ ಶಾಂತಾಬಾಯಿಯವರ ಬಾಯಿಂದ ಕೇಳಿದ್ದೆಷ್ಟು ಎಂದು ಬೇರ್ಪಡಿಸಲು ಹೋದರೆ ಎಳೆಗಳು ಕೈಯಲ್ಲೇ ಹರಿಯುತ್ತವೆ.

ಕರಡಿಗೆಯ ಬಗ್ಗೆ ಒಮ್ಮೆ ಕೇಳಿದ್ದೆ. ಲಿಂಗ ಮೇಜಿಗೆ ತಾಗಬಾರದೆಂಬ ಭಕ್ತಿಯೇ ಎಂದು. "ಭಕ್ತಿ ಗಿಕ್ತಿ ಇಲ್ರಿ. ಕಟಗಿಗಿ ಬಡದು ಟಕ್ ಅಂತದ. ಲಕ್ಷ್ಯ ಹೋಗ್ತದ," ಎಂದಿದ್ದರು.

ಅವರದು ಬಟ್ಟೆಯ ವ್ಯಾಪಾರ, ಅಜ್ಜನ ಕಾಲದ್ದು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಆ ಮೇಜಿತ್ತು. ಹರೆಯದಲ್ಲಿ ಮಾಲು ತರಲು ಹೈದರಾಬಾದಿಗೆ ಹೋದಾಗಲೆಲ್ಲ ಒಂದು ಕ್ಲಬ್ಬಿನ ಕಿಟಕಿಯಲ್ಲಿ ನಿಂತು ಆಟ ನೋಡುತ್ತಿದ್ದರಂತೆ. ಮುಂದೆ ಆ ಕ್ಲಬ್ ಮುಚ್ಚಿದಾಗ ಮೇಜನ್ನೇ ಲಾರಿಗೆ ಹೇರಿಕೊಂಡು ಬಂದರು. ಹಸಿರು ಬಟ್ಟೆಯ ಕೆಳಗಿರುವುದು ಕಲ್ಲಿನ ಹಲಗೆ. ಶಾಂತಾಬಾಯಿ ಬಂದವರಿಗೆಲ್ಲ ಹೇಳುತ್ತಿದ್ದರು: "ಸೀರಿ ತರ್ತೀನಂತ ಹೋಗಿ ಕಲ್ಲ ತಂದಾರ, ನೋಡ್ರಿ."

ಮೇಜಿನ ಬಟ್ಟೆಯನ್ನು ಅವರು ಅಂಗೈಯಿಂದ ಸವರಿ ನೋಡುತ್ತಿದ್ದ ರೀತಿ ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚಿದ ಹಾಗೆಯೇ ಇರುತ್ತಿತ್ತು. ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಚಹದ ಗ್ಲಾಸು ಹಿಡಿದು ಹತ್ತಿರ ಬಂದವರಿಗೆ ಬೈಗುಳ ತಪ್ಪಿದ್ದಲ್ಲ. ಆಡಲು ಬರುವವರು ಅಡತಿ ಅಂಗಡಿಯವರು, ಸೋಯಾಬೀನ್ ಮಾರಲು ಲೋಹಾರಾದಿಂದ ಬಂದ ರೈತರು, ಕಾಯಂ ಕೆಲಸವಿಲ್ಲದೆ ಊರಿಗೆ ಮರಳಿದ್ದ ನನ್ನಂಥವರು. ನಾನು ಆಗ ತಾತ್ಕಾಲಿಕ ಅಧ್ಯಾಪಕ. ವರ್ಷಕ್ಕೊಂದು ಕಾಲೇಜು, ಎಲ್ಲಿಯೂ ಮನಸ್ಸು ನಿಲ್ಲದು. ಅವರು ನನ್ನನ್ನು 'ಪ್ರೊಫೆಸರ್' ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಚೇಷ್ಟೆ ಇತ್ತು.

ಈ ಆಟದಲ್ಲಿ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಕುಳಿಗೆ ಕಳಿಸಬೇಕು. ಬಿಳಿ ಚೆಂಡು ದಂಡೆಯ ರಬ್ಬರಿಗೆ ಅಂಟಿ ನಿಂತುಬಿಟ್ಟರೆ ಒಳ್ಳೆಯ ಆಟಗಾರನೂ ಮುಖ ಹುಳ್ಳಗೆ ಮಾಡುತ್ತಾನೆ. ಕೋಲಿಗೆ ಸಿಗುವುದು ಚೆಂಡಿನ ನೆತ್ತಿ ಮಾತ್ರ, ಕೈಯೂರಲು ಬಟ್ಟೆಯ ಮೇಲೆ ಜಾಗವಿಲ್ಲ. ಗುರುಪಾದಪ್ಪನವರಿಗೆ ಮಾತ್ರ ಅದೇ ಹಬ್ಬ.

"ಬೆರಳ ಮಡಚಬ್ಯಾಡ್ರಿ, ಪ್ರೊಫೆಸರ್. ದಂಡಿ ಕಟಗಿ ಮ್ಯಾಲ ಚಾಚಿ ಇಡ್ರಿ, ರೊಟ್ಟಿ ಬಡಿಯೂ ಮುಂದ ಅಂಗೈ ಇರ್ತದಲ್ಲ, ಹಾಂಗ. ಎರಡ ಬೆರಳಿನ ಸಂದ್ಯಾಗ ಕೋಲ ಸರೀಲಿ. ಹಿಂದಿನ ಕೈ ಹಿಡೀಯಷ್ಟ ಎತ್ರಿ. ಜಾಸ್ತಿ ಎತ್ತಿದ್ರ ಚೆಂಡ ಕಪ್ಪಿ ಹಾಂಗ ಜಿಗೀತದ. ಸಣ್ಣ ಎಳೀರಿ, ಸಾವಕಾಶ ಬಿಡ್ರಿ. ತಿರಗಸೂದು ಗಿರಗಸೂದು ಇಲ್ಲಿ ನಡಿಯೂದಿಲ್ಲ."

ಎಲ್ಲರೂ ಹೊಡೆಯುವ ಗಳಿಗೆಯಲ್ಲಿ ಬಣ್ಣದ ಚೆಂಡನ್ನು ನೋಡುತ್ತಾರೆ. ದಂಡೆಯ ಹೊಡೆತಕ್ಕೆ ಗುರುಪಾದಪ್ಪನವರು ಕೊನೆಗೆ ನೋಡುತ್ತಿದ್ದದ್ದು ಬಿಳಿಯದನ್ನು. "ಬಣ್ಣದ್ದೇನು ಓಡಿ ಹೋಗ್ತದ? ಮೋಸ ಮಾಡೂದು ಇದು, ಹತ್ತಿರ ಇದ್ದದ್ದು," ಎನ್ನುತ್ತಿದ್ದರು. ಹೊಡೆದ ಮೇಲೂ ತಲೆ ಎತ್ತುತ್ತಿರಲಿಲ್ಲ. ಚೆಂಡು ಕುಳಿಗೆ ಬಿದ್ದ ಸದ್ದಾದ ಮೇಲೆಯೇ ಬೆನ್ನು ನೆಟ್ಟಗಾಗುತ್ತಿತ್ತು.

ದಿನಾ ಮಧ್ಯಾಹ್ನ ಅವರೊಂದಿಗೆ ಆಡಲು ಬರುತ್ತಿದ್ದವರು ಮಾಣಿಕರಾವ್, ಸರಕಾರಿ ಎಸ್‌ಟಿ ಬಸ್ಸಿನ ನಿವೃತ್ತ ಕಂಡಕ್ಟರ್, ಮೂಲತಃ ನಿಲಂಗಾದವರು. ಮನೆಮಾತು ಮರಾಠಿ, ಆಟ ಮಾತ್ರ ಕನ್ನಡದಲ್ಲಿ. ಗುರುಪಾದಪ್ಪನವರ ಹೊಡೆತ ತಪ್ಪಿದರೆ "ಉತರಾ ಸಾವ್ಕಾರ್, ಸ್ಟಾಪ್ ಆಲಾ, ಇಳೀರಿ," ಎಂದು ಸೀಟಿ ಊದಿದ ಹಾಗೆ ನಟಿಸುತ್ತಿದ್ದರು. "ಹಿಂದಿನ ಬಾಗಲದಾಗ ನಿಂತಾಂವ್ಗ ಮುಂದಿನ ರಸ್ತಾ ಏನ್ ಕಾಣ್ತದ?" ಎಂದು ಇವರು. ಅವರಿಬ್ಬರ ನಡುವೆ ಇದ್ದದ್ದನ್ನು ಸ್ನೇಹ ಎಂದು ಅವರೆಂದೂ ಕರೆದುಕೊಂಡದ್ದನ್ನು ನಾನು ಕೇಳಿಲ್ಲ. ಮಾಣಿಕರಾವ್ ಬರುವ ತನಕ ಇವರು ಚಹ ಕುಡಿಯುತ್ತಿರಲಿಲ್ಲ, ಅಷ್ಟೇ.

ಆಮೇಲೆ ಬರ ಬಂತು. ಮೊದಲ ವರ್ಷ ಹೇಗೋ ಕಳೆಯಿತು. ಎರಡನೆಯ ಬೇಸಿಗೆಯಲ್ಲಿ ಕರಿನೆಲ ಎಷ್ಟು ಬಿರಿಯಿತೆಂದರೆ ಹೊಲದ ಬಿರುಕಿನಲ್ಲಿ ಬಾರುಕೋಲು ಬಿದ್ದರೆ ಸಿಗುತ್ತಿರಲಿಲ್ಲ. ಗೋದಾಮಿನ ಕಿಟಕಿಯ ಪಕ್ಕದಲ್ಲಿ ಒಂದು ದೊಡ್ಡ ಬೇವಿನ ಮರ. ಮೊದಲೆಲ್ಲ ಶಾಂತಾಬಾಯಿ ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೆ ಚೆಲ್ಲುತ್ತಿದ್ದರು. ಈಗ ಅದೂ ನಿಂತಿತ್ತು.

ಆ ಬೇಸಿಗೆಯಲ್ಲಿ ಮೇಜಿನ ಮೇಲೆ ಒಂದು ವಿಚಿತ್ರ ಶುರುವಾಯಿತು. ಓಟ ಮುಗಿದು ನಿಲ್ಲಬೇಕಾದ ಬಿಳಿ ಚೆಂಡು ಏನೋ ನೆನಪಾದ ಹಾಗೆ ಮತ್ತೆ ನಿಧಾನ ಉರುಳಿ, ಕಿಟಕಿಯ ಕಡೆಯ ದಂಡೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಅಲ್ಲಿಂದ ಹೊಡೆಯಲು ಬರುತ್ತಿದ್ದದ್ದು ಒಬ್ಬರಿಗೇ. ಗುರುಪಾದಪ್ಪನವರು ದಿನಾ ಗೆದ್ದರು. ಗೆದ್ದು ಸುಮ್ಮನಿರಲಿಲ್ಲ. ಮಾಣಿಕರಾವ್ ಸೋತಾಗಲೆಲ್ಲ "ಟಿಕೀಟ್ ಇಲ್ದ ಹತ್ತೀರೇನು, ಕಂಡಕ್ಟರ್?" ಎಂದು ನಗುತ್ತಿದ್ದರು. ಆ ನಗೆ ಸ್ವಲ್ಪ ಕಡಿಮೆಯಾಗಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಒಂದು ಮಧ್ಯಾಹ್ನ ಮಾಣಿಕರಾವ್ ಗೌಂಡಿಗಳು ಬಳಸುವ ಮಟ್ಟಪಟ್ಟಿ ತಂದರು. ನಡುವೆ ಗಾಜಿನ ನಳಿಗೆ, ಅದರೊಳಗೆ ಗುಳ್ಳೆ ಇರುವ ಮರದ ಪಟ್ಟಿ. ಉದಗೀರದಲ್ಲಿ ಮನೆ ಕಟ್ಟಿಸುವ ಕೆಲಸ ಮಾಡುವ ಅವರ ಅಳಿಯನದು. ಅದನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಗುಳ್ಳೆ ಬಾಗಿಲ ಕಡೆಗೆ ಸರಿದು ನಿಂತಿತು. ಅಂದರೆ ಕಿಟಕಿಯ ಕಡೆ ತಗ್ಗು. ಮೇಜಿನ ಕಾಲುಗಳನ್ನು ಏರಿಳಿಸುವುದು ಅವುಗಳ ಬುಡದ ಬೋಲ್ಟಿನಿಂದ.

"ಕಾಲಿನ ಬೋಲ್ಟ ತಿರುವೀಯಲ್ಲ, ಗುರಪಾದಪ್ಪ?"

"ನೆಲ ಕುಸದದ, ಕಂಡಕ್ಟರ್. ಬರಗಾಲಕ್ಕ ಬೇವಿನ ಗಿಡ ಹಸಿ ಎಲ್ಲಾ ಹೀರ್ಯದ, ಆ ಕಡೆ ಕರಿಮಣ್ಣ ಕುಗ್ಯದ."

"ನೆಲ? ಹಾಸಗಲ್ಲ ಒಂದರೆ ಸೀಳ್ಯದೇನು? ತೋರಸು. ಗ್ವಾಡಿ ಬಿರದದೇನು?"

ಹಾಸುಗಲ್ಲೂ ಗೋಡೆಯೂ ಬಿರಿದಿರಲಿಲ್ಲ. ಮಾಣಿಕರಾವ್ ದನಿ ಏರಿಸಲಿಲ್ಲ. "ಅರಬಿಗೆ ಗಜ ಹಿಡದಾಗ ಬೆರಳಷ್ಟ ಕಮ್ಮಿ ಕೊಟ್ಟಾಂವ ಅಲ್ಲ ನೀ. ಅದಕ್ಕ ನನ್ನ ಮಗಳ ಮದವಿ ಅರಬಿ ಎಲ್ಲಾ ಇಲ್ಲೇ ತಗೊಂಡೆ. ನನ್ನ ಜೋಡಿ ಆಡೂ ಮುಂದ ಯಾಕ ಹೀಂಗ?"

ಗುರುಪಾದಪ್ಪನವರ ಮುಖ ಬಿಳಿಚಿತು. ಇದು ಮಾತ್ರ ನನಗೆ ಖಂಡಿತ ನೆನಪಿದೆ, ಅಥವಾ ಖಂಡಿತ ಎನ್ನಿಸುವಷ್ಟು ಸಲ ನೆನಪಿಸಿಕೊಂಡಿದ್ದೇನೆ. ಮೇಜಿನ ಕಾಲು ಸರಿಮಾಡಿಬಿಡೋಣ ಎಂದು ನಾನು ಬಗ್ಗಿದೆ. ಅವರು ನನ್ನ ರಟ್ಟೆ ಹಿಡಿದರು. "ಮುಟ್ಟಬ್ಯಾಡ್ರಿ. ಈಗ ಮುಟ್ಟಿದ್ರ ಮೊದಲೂ ಮುಟ್ಟಿದ್ದೆ ಅಂದಂಗ ಆಗ್ತದ."

ಅವರು ಅಂಗಡಿಗೆ ಹೋಗಿ ಕೋರಾ ಬಟ್ಟೆ, ದಬ್ಬಣ, ಅರಗು ತಂದರು. ಬಟ್ಟೆಯ ಮೂಟೆಗಳನ್ನು ಊರಿಂದೂರಿಗೆ ಕಳಿಸುವಾಗ ಹಾಗೆ ಹೊಲಿದು ಅರಗಿನ ಮುದ್ರೆ ಒತ್ತುವುದು ಅವರ ಮನೆಯ ಹಳೆಯ ಪದ್ಧತಿ. ಮೇಜಿನ ಒಂದೊಂದು ಕಾಲಿನ ಬೋಲ್ಟಿಗೂ ಬಟ್ಟೆ ಸುತ್ತಿ ಹೊಲಿದು, ಗಂಟಿನ ಮೇಲೆ ಅರಗು ಕಾಸಿ ಬಿಟ್ಟರು. "ನನ್ನ ಮುದ್ರಿ ಬ್ಯಾಡ. ನಿನ್ನ ಉಂಗುರ ಒತ್ತು. ಮಳಿ ಬಿದ್ದು ನೆಲ ಉಬ್ಬಿದ ಮ್ಯಾಲ ಬಾ. ಇದೇ ಪಟ್ಟಿ ತಗೊಂಡ ಬಾ."

ಮಾಣಿಕರಾವ್ ಮಂಡಿಯೂರಿ, ದೇವಿಯ ಮುಖವಿರುವ ತಮ್ಮ ಬೆಳ್ಳಿ ಉಂಗುರವನ್ನು ಪ್ರತಿ ಕಾಲಿನ ಅರಗಿಗೂ ಒತ್ತಿ, ಎದ್ದು ಹೋದರು. ಮಾರನೆಯ ದಿನದಿಂದ ಬರಲಿಲ್ಲ.

ಮಳೆಯೂ ಬರಲಿಲ್ಲ. ಮೃಗಶಿರ ಹೋಯಿತು, ಆರಿದ್ರ ಹೋಯಿತು. ಓರೆ ಮೇಜಿನ ಮೇಲೆ ಆಡುವವರು ಒಬ್ಬೊಬ್ಬರೇ ಕಡಿಮೆಯಾದರು. ಗುರುಪಾದಪ್ಪನವರು ಒಬ್ಬರೇ ಆಡುತ್ತಿದ್ದರು, ದಂಡೆಯಿಂದ, ಯಾರೂ ಇಲ್ಲದ ಕೋಣೆಯಲ್ಲಿ. ಒಂದು ದಿನ ಶಾಂತಾಬಾಯಿ ಹೇಳಿದರು: "ಬೇವಿನ ಗಿಡದ ಬುಡಕ್ಕ ಒಂದ್ ಟ್ಯಾಂಕರ್ ನೀರ ಬಿಡಸ್ರಿ. ನೆಲ ತಾನ ಏಳ್ತದ. ಕಂಡಕ್ಟರ್ ಅಣ್ಣಗ ಕರದು ತೋರಸ್ರಿ, ಮುಗದ ಹೋಗ್ಲಿ."

"ಹೊರಗ ಹೋಗಿ ನೋಡು. ಹೆಣ್ಮಕ್ಕಳು ಕೊಡಾ ಪಾಳಿ ಹಚ್ಚ್ಯಾರ. ಅವರ ಕಣ್ಣ ಮುಂದ ನಾ ಮಣ್ಣಿಗೆ ನೀರ ಹೊಯ್ಲಿ? ಯಾಕ? ನಾ ಖರೇ ಅಂತ ತೋರಸ್ಲಿಕ್ಕ?"

"ನಿಮ್ಮ ಹಟಕ್ಕ ನೀರ ಹಾಕಿದ್ರ ಅದೂ ಕುಡೀತದ," ಎಂದು ಶಾಂತಾಬಾಯಿ ಒಳಗೆ ಹೋದರು. ಇಬ್ಬರ ಮಾತೂ ಸರಿಯೆಂದು ನನಗೆ ಆಗ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಆ ಚಳಿಗಾಲ ಮಾಣಿಕರಾವ್ ಉಮರ್ಗಾ ಬಿಟ್ಟು ಉದಗೀರಕ್ಕೆ, ಮಗಳ ಮನೆಗೆ ಹೋದರು. ಗೆಳೆಯರಿಬ್ಬರೂ ಕೊನೆಯ ಸಲ ಎದುರಾದದ್ದು ನಿಲಂಗಾದ ಒಂದು ಮದುವೆಯಲ್ಲಿ. ನಾನು ಅಲ್ಲಿದ್ದೆ ಎಂದುಕೊಂಡಿದ್ದೇನೆ, ಆದರೆ ಶಾಂತಾಬಾಯಿ "ನೀವ ಬಂದಿದ್ದಿಲ್ಲ" ಎನ್ನುತ್ತಾರೆ. ಊಟದ ಪಂಕ್ತಿಯಲ್ಲಿ ಮಾಣಿಕರಾವ್ ಕೇಳಿದರಂತೆ:

"ಟೇಬಲ್ ಹ್ಯಾಂಗದ?"

"ಹಾಂಗೇ ಅದ."

"ಇನ್ನಾ ಸರಿ ಮಾಡ್ಸಿಲ್ಲ?"

"ಮಳಿ ಬರ್ಲಿ."

ಮಾಣಿಕರಾವ್ ಎಲೆ ಬಿಟ್ಟೇಳಲಿಲ್ಲ. ಜಿಲೇಬಿ ಬಡಿಸುವವನು ಬಂದಾಗ "ಸಾವ್ಕಾರ್ಗ ಹಾಕ್ರಿ, ಅವರಿಗಿ ಸೇರ್ತದ," ಎಂದಷ್ಟೇ ಅಂದರಂತೆ.

ಮರುವರ್ಷ ಮಳೆಗಾಲಕ್ಕೆ ಮುಂಚೆ ಗುರುಪಾದಪ್ಪನವರು ತೀರಿಕೊಂಡರು, ಅಂಗಡಿಯಲ್ಲಿ, ಗಾದಿಯ ಮೇಲೆ ಕೂತಲ್ಲೇ. ಆ ವರ್ಷವೇ ಮಳೆ ಹಿಡಿಯಿತು. ಹಳ್ಳಗಳು ತುಂಬಿದವು. ವಲಾಂಡಿಯ ಕಡೆ ರಸ್ತೆ ಕಟ್ಟಾಗಿ ಬಸ್ಸುಗಳು ನಿಂತವು. ಜನ ನೀರನ್ನು ಬೈಯುವಷ್ಟು ಸುರಿಯಿತು.

ನಾನು ಉದಗೀರಕ್ಕೆ ಹೋದೆ. ಮಾಣಿಕರಾವ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಳೆ ಬಿದ್ದಿದೆ, ಬನ್ನಿ, ಮೇಜು ನೋಡೋಣ ಎಂದೆ.

"ಈಗ ಬಂದು ಯಾರ ಮುಂದ ನಿಂದರ್ಲಿ, ಪ್ರೊಫೆಸರ್?" ಎಂದರು. ಒಳಗೆ ಹೋಗಿ ಆ ಮಟ್ಟಪಟ್ಟಿಯನ್ನು ತಂದು ನನ್ನ ತೊಡೆಯ ಮೇಲಿಟ್ಟರು. "ಇದನ್ನೇ ಇಡ್ರಿ. ಬ್ಯಾರೇದಲ್ಲ." ಬೆರಳಿನ ಉಂಗುರವನ್ನೂ ತೆಗೆದುಕೊಟ್ಟರು, ಅರಗಿನ ಗುರುತಿಗೆ ಹೊಂದಿಸಿ ನೋಡಲು. ಅದು ಸುಲಭಕ್ಕೆ ಬರಲಿಲ್ಲ, ಸೋಪು ಹಚ್ಚಬೇಕಾಯಿತು.

ಗೋದಾಮಿನ ಬೀಗವನ್ನು ಶಾಂತಾಬಾಯಿ ತೆಗೆದರು. ಅವರು ಒಳಗೆ ಬರಲಿಲ್ಲ. ಮೇಲಿನ ಮಾತುಗಳಲ್ಲಿ ಎಷ್ಟು ಅವರವರದು, ಎಷ್ಟು ನನ್ನದು ಎಂಬುದಕ್ಕೆ ನಾನು ಜವಾಬ್ದಾರನಲ್ಲ. ಪರೀಕ್ಷಿಸಿ ನೋಡಿದ್ದು ಇಷ್ಟು: ಮೇಜಿನ ಕಾಲುಗಳ ಹೊಲಿಗೆ ಒಂದೂ ಹರಿದಿರಲಿಲ್ಲ, ಅರಗು ಒಡೆದಿರಲಿಲ್ಲ, ದೇವಿಯ ಮುಖ ಉಂಗುರಕ್ಕೆ ಸರಿಯಾಗಿ ಕೂತಿತು. ಪಟ್ಟಿಯನ್ನು ಅಡ್ಡ ಇಟ್ಟೆ. ಗುಳ್ಳೆ ನಡುವೆ ಬಂದು ನಿಂತಿತು. ತಿರುಗಿಸಿ ಇಟ್ಟೆ. ಆಗಲೂ ನಡುವೆಯೇ.