ಪಾರಿವಾಳಗಳನ್ನು ಕರೆಯುತ್ತಿದ್ದ ಸರ್

ಬಾಗಿಲು ತೆರೆದಾಗ ಅವರ ಎಡಹುಬ್ಬಿನಲ್ಲಿ ಒಂದು ಬೂದುಬಣ್ಣದ ಪುಕ್ಕ ಸಿಕ್ಕಿಕೊಂಡಿತ್ತು. ಬೆಳ್ಳಗಿನ ದಟ್ಟ ಹುಬ್ಬು. ಮಾತಾಡುವಾಗ ಪುಕ್ಕವೂ ಅದರ ಜೊತೆಗೇ ಏರಿ ಇಳಿಯುತ್ತಿತ್ತು. ನಾನು ಎರಡು ಸೂಟ್‌ಕೇಸ್ ಹಿಡಿದುಕೊಂಡು ವುಲ್ವರ್‌ಹ್ಯಾಂಪ್ಟನ್ನಿನ ಅಂಚಿನ ಆ ಮನೆಯ ಮುಂದೆ ನಿಂತಿದ್ದೆ.

"ಬಾಮ್ಮ, ಒಳಗೆ ಬಾ. ಅಡಿಗೆಮನೆ ಕಡೆ ಮಾತ್ರ ಈಗ ನೋಡಬೇಡ," ಎಂದರು.

ನೋಡಿಬಿಟ್ಟೆ. ಮೇಜಿನ ಮೇಲೆ ಹಾಸಿದ್ದ ಹಳೆಯ ಪತ್ರಿಕೆಗಳ ಮೇಲೆ ಹತ್ತು ಹನ್ನೆರಡು ಪಾರಿವಾಳಗಳು ಸಾಲಾಗಿ ಮಲಗಿದ್ದವು. ಧಾರವಾಡದಲ್ಲಿ, ಏಕಾದಶಿಯಂದು ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು ನಾನು. ಅಲ್ಲಿಂದಲೇ ತಿರುಗಿ ಹೋಗಬೇಕೆನಿಸಿತು. ಆದರೆ ಎಲ್ಲಿಗೆ?

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನನಗೆ ಆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಜೂನಿಯರ್ ಡಾಕ್ಟರ್ ಕೆಲಸ ಸಿಕ್ಕಿತ್ತು. ಗಂಡನ ವೀಸಾ ಇನ್ನೂ ಬಂದಿರಲಿಲ್ಲ. ಕನ್ನಡದವರೊಬ್ಬರ ಮನೆಯಲ್ಲಿ ಮೇಲಿನ ಕೋಣೆ ಖಾಲಿ ಇದೆ ಎಂದು ಯಾರೋ ಹೇಳಿದ್ದರು. ಅವರು ಕೊಡಗಿನವರು, ನಿವೃತ್ತ ಶಸ್ತ್ರವೈದ್ಯರು. ಯಾರ್ಕ್‌ಶೈರ್ ಕಡೆಯ ನರ್ಸ್ ಒಬ್ಬರನ್ನು ಮದುವೆಯಾಗಿದ್ದರು. ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ನಾನು ಅವರನ್ನು ಮೊದಲ ದಿನ ಸರ್ ಎಂದೆ, ಕೊನೆಯವರೆಗೂ ಸರ್ ಎಂದೇ ಕರೆದೆ.

ಆ ಸಂಜೆಯೇ ಅವರು ಹೊಸ ಬಾಣಲೆ, ಹೊಸ ಪಾತ್ರೆ, ಹೊಸ ಚಾಕು ತಂದು ಅಡಿಗೆಮನೆಯ ಒಂದು ಕಪಾಟು ಖಾಲಿ ಮಾಡಿದರು. ಬಾಗಿಲ ಮೇಲೆ ಚೀಟಿ ಅಂಟಿಸಿದರು: 'ಇಲ್ಲಿ ಸರ್‌ಗೆ ಪ್ರವೇಶವಿಲ್ಲ.' ನಾನಿದ್ದ ಎರಡು ವರ್ಷವೂ ಆ ಕಪಾಟಿಗೆ ಅವರು ಕೈ ಹಾಕಲಿಲ್ಲ. ನಾನು ಡ್ಯೂಟಿಯಿಂದ ಸುಸ್ತಾಗಿ ಬಂದ ದಿನ ಸಾರು ಬಿಸಿ ಮಾಡಿಕೊಡಬೇಕೆನಿಸಿದರೂ, "ಪಾತ್ರೆ ನೀನೇ ತೆಗೆದುಕೊಡು, ಆಮೇಲೆ ನಾನು ನೋಡ್ಕೋತೀನಿ," ಎನ್ನುತ್ತಿದ್ದರು.

ಕೊಡಗಿನಲ್ಲಿ ಕೋವಿ ಮನೆಯ ದೇವರಿದ್ದ ಹಾಗಂತೆ. ಸರ್ ಕೂಡ ವರ್ಷಕ್ಕೊಮ್ಮೆ, ಸೆಪ್ಟೆಂಬರ್ ತಿಂಗಳಲ್ಲಿ, ತಮ್ಮ ಎರಡು ಕೋವಿಗಳನ್ನು ಉಕ್ಕಿನ ಪೆಟ್ಟಿಗೆಯಿಂದ ತೆಗೆದು ಒರೆಸಿ, ನಳಿಗೆಯ ತುದಿಗೆ ಹಿತ್ತಲಿನ ಹೂವು ಸಿಕ್ಕಿಸಿ ಕೈಮುಗಿಯುತ್ತಿದ್ದರು. ಉಳಿದಂತೆ ಅವರು ದೇವರ ವಿಷಯ ಮಾತಾಡಿದ್ದು ನನಗೆ ನೆನಪಿಲ್ಲ.

ವುಲ್ವರ್‌ಹ್ಯಾಂಪ್ಟನ್ನಿನಿಂದ ಅರ್ಧ ಗಂಟೆ ದೂರದಲ್ಲಿ ಅವರ ಗೆಳೆಯನೊಬ್ಬನ ಹೊಲಗಳಿದ್ದವು. ಕೆಂಪು ಮುಖದ, ಮಾತು ಕಡಿಮೆಯ ರೈತ. ಅವನ ಮುರಿದ ಕಾಲನ್ನು ಸರ್ ಹಿಂದೊಮ್ಮೆ ಸರಿ ಮಾಡಿದ್ದರು. ಅವನು ಸಾಸಿವೆಯ ಜಾತಿಯ ಎಣ್ಣೆಕಾಳು ಬೆಳೆಯುತ್ತಿದ್ದ. ಚಳಿಗಾಲದಲ್ಲಿ ಬೇರೆಲ್ಲೂ ಹಸಿರು ಇಲ್ಲದಾಗ ಕಾಡುಪಾರಿವಾಳಗಳು ಸಾವಿರಗಟ್ಟಲೆ ಬಂದು ಎಲೆಗಳನ್ನು ದಂಟಿನವರೆಗೂ ತಿಂದುಹಾಕುತ್ತಿದ್ದವು. ಅವನ್ನು ಹೊಡೆಯಲು ಸರ್ ಹೋಗುತ್ತಿದ್ದರು.

ಪಾರಿವಾಳ ಸುಮ್ಮನೆ ಕೋವಿಯ ಹತ್ತಿರ ಬರುವುದಿಲ್ಲ. ಕೆಳಗೆ ತನ್ನ ಜಾತಿಯ ಹಕ್ಕಿಗಳು ನಿಶ್ಚಿಂತೆಯಿಂದ ಮೇಯುತ್ತಿರುವುದು ಕಾಣಬೇಕು. ಅದಕ್ಕೆಂದು ಪ್ಲಾಸ್ಟಿಕ್ಕಿನ ಹಕ್ಕಿಗಳನ್ನು ಗಾಳಿಗೆ ಮುಖ ಮಾಡಿ, ಕುದುರೆ ಲಾಳದ ಆಕಾರದಲ್ಲಿ ನೆಡುತ್ತಾರೆ. ಡಿಕಾಯ್ ಎನ್ನುತ್ತಾರೆ ಅದಕ್ಕೆ. ಆದರೆ ನೆಟ್ಟ ಹಕ್ಕಿ ಅಲ್ಲಾಡುವುದಿಲ್ಲ. ದೂರದ ಹಿಂಡಿಗೆ ಕಾಣಬೇಕಾದರೆ ರೆಕ್ಕೆಯ ಬಿಳಿ ಪಟ್ಟೆ ಮಿಂಚಬೇಕು. ಸರ್ ಹಿತ್ತಲ ಶೆಡ್ಡಿನಲ್ಲಿ ಕೂತು ಅದಕ್ಕೊಂದು ಯಂತ್ರ ಮಾಡಿದ್ದರು. ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು, ಸೈಕಲ್ ಚಕ್ರದ ಕಡ್ಡಿಗಳು, ಒಂದು ಕಾರ್ ಬ್ಯಾಟರಿ, ಉದ್ದದ ಹಸಿರು ವೈರು, ತುದಿಯಲ್ಲಿ ಮನೆಯ ಕರೆಗಂಟೆಯ ಗುಂಡಿ. ಆ ದಿನ ಹೊಡೆದ ಮೊದಲ ಹಕ್ಕಿಯನ್ನು ರೆಕ್ಕೆ ಬಿಚ್ಚಿ ಯಂತ್ರದ ಮೇಲೆ ಕೂರಿಸುತ್ತಿದ್ದರು. ಗುಂಡಿ ಒತ್ತಿದರೆ ಸತ್ತ ಹಕ್ಕಿ ರೆಕ್ಕೆ ಬಡಿಯುತ್ತಿತ್ತು.

ಮೊದಲ ಸಲ ಶೆಡ್ಡಿನಲ್ಲಿ ಅದನ್ನು ತೋರಿಸಿದಾಗ ನಾನು ಬಾಗಿಲ ಕಡೆಗೆ ಹಿಂದೆ ಸರಿದೆ. ಅವರಿಗೆ ಅದು ಗೊತ್ತಾಯಿತು. ಮೋಟಾರು ನಿಲ್ಲಿಸಿ ಹಕ್ಕಿಯ ಮೇಲೆ ಬಟ್ಟೆ ಮುಚ್ಚಿದರು. ಮತ್ತೆ ತಾವಾಗಿ ಆ ಮಾತೆತ್ತಲಿಲ್ಲ.

ಆ ಚಳಿಗಾಲದಲ್ಲಿ ನನ್ನ ವಾರ್ಡಿನ ಒಬ್ಬ ಮುದುಕರು ತೀರಿಕೊಂಡರು. ಸೊಂಟದ ಮೂಳೆ ಮುರಿದು ಬಂದಿದ್ದವರು. ಬೆಳಿಗ್ಗೆ ಕಾಲು ನೋಯುತ್ತಿದೆ ಎಂದಿದ್ದರು. ನಾನು ಮಧ್ಯಾಹ್ನ ನೋಡುತ್ತೇನೆ ಎಂದು ಮುಂದೆ ಹೋದೆ. ಮಧ್ಯಾಹ್ನದ ಹೊತ್ತಿಗೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತು. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಎಂದರು. ನನಗೆ ಹಾಗನಿಸಲಿಲ್ಲ. ಶುಕ್ರವಾರ ಬಂದವಳೇ, ಕೆಲಸ ಬಿಟ್ಟು ಧಾರವಾಡಕ್ಕೆ ಹೊರಟುಬಿಡೋಣವೆಂದು, ಸೂಟ್‌ಕೇಸ್ ಮಂಚದ ಮೇಲೆ ಬಿಚ್ಚಿಟ್ಟೆ. ಸರ್ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ನಾಳೆ ನನ್ನ ಜೊತೆ ಬಾ. ಗುಂಡಿ ಒತ್ತೋಕೆ ಒಬ್ಬರು ಬೇಕು."

"ನಾನು ಪ್ರಾಣಿ ಕೊಲ್ಲೋದಿಲ್ಲ ಸರ್."

"ಕೊಲ್ಲೋದು ನಾನು. ನೀನು ಬರೀ ಕರೀಬೇಕು."

"ಕರೆದು ಕೊಲ್ಲಿಸೋದು ಇನ್ನೂ ದೊಡ್ಡ ಪಾಪ ಅಲ್ವಾ?"

"ಹೌದು, ಅದೂ ನಿಜ," ಎಂದು ನಕ್ಕರು. "ಆದ್ರೂ ಬಾ."

ಯಾಕೆ ಹೋದೆನೋ ಗೊತ್ತಿಲ್ಲ. ಬಹುಶಃ ಆ ಕೋಣೆಯಲ್ಲಿ ಒಬ್ಬಳೇ ಇರಲು ಹೆದರಿಕೆಯಾಗಿತ್ತು. ಬೇಲಿಗೆ ಒತ್ತಿ ಕಟ್ಟಿದ ಹಸಿರು ಬಲೆಯ ಹಿಂದೆ, ಹುಲ್ಲಿನ ಪಿಂಡಿಯ ಮೇಲೆ, ಐದು ತಾಸು ಕೂತೆವು. ಮಾತಿಲ್ಲ. ಗುಂಡಿ ನನ್ನ ಕೈಯಲ್ಲಿತ್ತು. ನಾನು ಹೆದರಿ ಒಂದೇ ಸಮನೆ ಒತ್ತಿದೆ. ದೂರದಿಂದ ಬಂದ ಹಿಂಡು ತಿರುಗಿ ಹೋಯಿತು.

"ಇಳಿಯೋ ಹಕ್ಕಿ ಎಷ್ಟು ಸಲ ರೆಕ್ಕೆ ಬಡಿಯುತ್ತೆ? ಎರಡು, ಮೂರು. ಆಮೇಲೆ ಮಡಚುತ್ತೆ," ಎಂದು ಪಿಸುಗುಟ್ಟಿದರು. "ಮೊದಲು ನೋಡು. ಆಮೇಲೆ ಒತ್ತು."

ನೋಡತೊಡಗಿದೆ. ಎರಡು ವಾರಗಳಲ್ಲಿ ಮೊದಲ ಬಾರಿಗೆ ಆ ಮುದುಕರ ಮುಖ ಬಿಟ್ಟು ಬೇರೆ ಏನನ್ನೋ ನೋಡುತ್ತಿದ್ದೆ. ಮೋಡದ ಕೆಳಗೆ ಒಂದು ಚುಕ್ಕೆ, ಅದು ವಾಲುವುದು, ರೆಕ್ಕೆ ಬಿಗಿಹಿಡಿದು ಜಾರುವುದು. ಎರಡು ಸಲ ಒತ್ತಿ ಬಿಟ್ಟೆ. ಹಕ್ಕಿ ಬಂತು. ಸರ್ ಎದ್ದು ಹೊಡೆದರು. ನಾನು ಕಣ್ಣು ಮುಚ್ಚಿಕೊಂಡೆ.

ಮಧ್ಯಾಹ್ನ ಒಂದು ಹಕ್ಕಿ ಗಾಯಗೊಂಡು ಆಚೆ ಬೇಲಿಯ ಮುಳ್ಳುಕಂಟಿಯಲ್ಲಿ ಬಿತ್ತು. ಅಷ್ಟರಲ್ಲಿ ದೊಡ್ಡ ಹಿಂಡೊಂದು ಹೊಲದ ಮೇಲೆ ಸುತ್ತುತ್ತಿತ್ತು. ಸರ್ ಅತ್ತ ನೋಡಲೇ ಇಲ್ಲ. ಕೋವಿ ಬಿಚ್ಚಿ, ತೋಟಾ ತೆಗೆದು, ಮುಳ್ಳಿನೊಳಗೆ ನುಗ್ಗಿದರು. ಮುಕ್ಕಾಲು ಗಂಟೆ ಹುಡುಕಿದರು. ಕೈಯೆಲ್ಲ ರಕ್ತವಾಯಿತು. ಸಿಕ್ಕಿದ ಮೇಲೆ ಒಂದೇ ಕ್ಷಣದಲ್ಲಿ ಅದರ ಸಂಕಟ ಮುಗಿಸಿ, ಹಾಗೇ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು.

"ಗುರಿ ಸರಿ ಇಲ್ಲ ಅಂತ ಗೊತ್ತಿತ್ತು. ಆದ್ರೂ ಹೊಡೆದೆ," ಎಂದರು. ಹಕ್ಕಿಯ ಕೆದರಿದ ಪುಕ್ಕ ಸವರುತ್ತಾ ಮುಂದುವರಿಸಿದರು: "ನಿನ್ನ ಮುದುಕನ ಹಾಗೆ ನಂಗೂ ಒಬ್ಬಳಿದಾಳೆ. ಶಾಲೆಗೆ ಹೋಗೋ ಹುಡುಗಿ. ಕಾಲು ಉಳಿಸ್ತೀನಿ ಅಂತ ಹಟ ಮಾಡಿದೆ, ಜೀವ ಹೋಯ್ತು. ಅವಳ ಹೆಸರು ಗೊತ್ತು, ಅವರಮ್ಮ ಹಾಕಿದ್ದ ಕೋಟಿನ ಬಣ್ಣ ಗೊತ್ತು. ನಿನ್ನ ಮುದುಕನ ಹೆಸರು ನೀನೂ ಮರೀಬೇಡ. ಮರೆಯೋ ಡಾಕ್ಟರ್‌ಗಳು ಬೇಡ ನಮಗೆ. ಆದ್ರೆ ಸೋಮವಾರ ಡ್ಯೂಟಿಗೆ ಹೋಗು."

ಸೋಮವಾರ ಹೋದೆ. ಇವತ್ತಿಗೂ ಹೋಗುತ್ತಿದ್ದೇನೆ.

ಗಂಡ ಬಂದ ಮೇಲೆ ಊರಿನ ಇನ್ನೊಂದು ಬದಿಯಲ್ಲಿ ಮನೆ ಮಾಡಿದೆವು. ನಾನು ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆದೆ, ಮಗಳು ಹುಟ್ಟಿದಳು. ಸರ್ ಭಾನುವಾರ ಊಟಕ್ಕೆ ಬರುತ್ತಿದ್ದರು. ತಿಂಗಳಿಗೊಮ್ಮೆಯಾದರೂ ನಾನು ಹೊಲಕ್ಕೆ ಹೋಗಿ ಗುಂಡಿ ಒತ್ತುತ್ತಿದ್ದೆ. ಮಾಂಸ ಮುಟ್ಟದ ಹೆಂಗಸು ಪಾರಿವಾಳ ಕರೆಯುವುದರಲ್ಲಿ ಗಟ್ಟಿಗಿತ್ತಿ ಎಂದು ರೈತ ತಮಾಷೆ ಮಾಡುತ್ತಿದ್ದ. ಅಷ್ಟರಲ್ಲಿ ಅಂಗಡಿಗಳಲ್ಲಿ ಎರಡು ತೋಳು ಚಾಚಿ ಗಿರಗಿರ ತಿರುಗುವ ಯಂತ್ರಗಳು ಬಂದಿದ್ದವು. ಸರ್‌ಗೆ ಅವು ಸೇರಲಿಲ್ಲ. "ಅದೇನು ಹಕ್ಕಿಯೋ ಜೈಂಟ್ ವೀಲೋ?" ಎನ್ನುತ್ತಿದ್ದರು.

ಆಮೇಲೆ ಒಂದೊಂದೇ ಗೊತ್ತಾಗತೊಡಗಿತು. ಭಾನುವಾರ ಬರಬೇಕಾದವರು ಸೋಮವಾರ ಬಂದರು. ನನ್ನ ಮಗಳನ್ನು ತೀರಿಕೊಂಡ ತಮ್ಮ ಹೆಂಡತಿಯ ಹೆಸರಿನಿಂದ ಕರೆದರು. ಹೊಲಕ್ಕೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, "ಈಗ ಎಡಕ್ಕಾ?" ಎಂದು ಕೇಳಿದರು. ಎಪ್ಪತ್ತು ದಾಟಿದೆ, ಮರೆವು ಸಹಜ ಎಂದುಕೊಂಡೆ. ಡಾಕ್ಟರಾಗಿ ಹಾಗೆಂದುಕೊಳ್ಳಬಾರದಿತ್ತು.

ಫೆಬ್ರವರಿಯ ಒಂದು ಶನಿವಾರ ಹೊಲದಲ್ಲಿದ್ದೆವು. ಆಕಾಶ ಖಾಲಿ. ದೂರದಲ್ಲಿ ಏನೋ ಕಂಡಂತಾಗಿ ನಾನು ಗುಂಡಿಯನ್ನು ಎರಡು ಸಲ ಒತ್ತಿದೆ. ಯಂತ್ರದ ಮೇಲಿನ ಹಕ್ಕಿ ರೆಕ್ಕೆ ಬಡಿಯಿತು. ಸರ್ ತಟ್ಟನೆ ಎದ್ದು ಅದಕ್ಕೇ ಹೊಡೆದರು. ಪುಕ್ಕಗಳು ಎದ್ದವು, ಮೋಟಾರಿನ ತಗಡು ಟಣ್ ಎಂದಿತು.

ನನ್ನ ಕಡೆ ತಿರುಗಿದರು. ಮುಖ ತುಂಬ ಸಂತೋಷ. "ನೋಡಿದ್ಯಾ? ಒಂದೇ ಏಟು!"

ಅವರು ಹಕ್ಕಿ ತರಲು ನಡೆದುಹೋದರು. ಅಲ್ಲಿ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ಹತ್ತಿರ ಹೋದಾಗ ಹರಿದ ವೈರನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು.

"ಇದನ್ನ ಯಾರು ಇಲ್ಲಿಟ್ಟಿದ್ದು?" ಎಂದರು. ಆಮೇಲೆ ನನ್ನ ಮುಖ ನೋಡಿ, ಎಲ್ಲ ತಿಳಿದವರಂತೆ, ವೈರನ್ನು ಸುತ್ತತೊಡಗಿದರು.

ಕೋವಿ ಇಟ್ಟುಕೊಳ್ಳುವ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿಗೆ, ಅವರನ್ನು ಚೆನ್ನಾಗಿ ಬಲ್ಲ ಒಬ್ಬರು ಸಹಿ ಹಾಕಬೇಕು. ಹಿಂದಿನ ಸಲ ನಾನೇ ಹಾಕಿದ್ದೆ. ಮುಂದಿನ ತಿಂಗಳೇ ಸರ್ ಅರ್ಜಿ ಹಿಡಿದು ನಮ್ಮ ಮನೆಗೆ ಬಂದರು. ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿತ್ತರು.

"ಆಗೋದಿಲ್ಲ ಸರ್," ಎಂದೆ.

"ಏನು ಆಗೋದಿಲ್ಲ?"

"ನಿಮ್ಮ ಜಿಪಿ ಹತ್ರ ಹೋಗೋಣ. ನಾನೂ ಬರ್ತೀನಿ. ಮರೆವಿನ ಪರೀಕ್ಷೆ ಮಾಡಿಸೋಣ."

"ನಂಗೆ ಮರೆವಿಲ್ಲ. ನೀನು ಹಾಕದಿದ್ರೆ ಬೇರೆ ಯಾರಾದ್ರೂ ಹಾಕ್ತಾರೆ."

"ಹಾಕಿದ್ರೆ ನಾನು ಪೊಲೀಸರಿಗೆ ಹೇಳ್ಬೇಕಾಗುತ್ತೆ ಸರ್."

ಅವರು ಅರ್ಜಿಯನ್ನು ನಾಲ್ಕಾಗಿ ಮಡಚಿದರು. "ನಿಂಗೋಸ್ಕರ ಕಪಾಟು ಖಾಲಿ ಮಾಡಿಕೊಟ್ಟೆ ನಾನು," ಎಂದರು. ಅಷ್ಟೇ ಹೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಕಾರು ಹೋದ ಮೇಲೆ ನಾನು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಗಂಡ ಸರಿಯಾಗಿಯೇ ಮಾಡಿದೆ ಎಂದು ಮತ್ತೆ ಮತ್ತೆ ಹೇಳಿದರು. ಸರಿಯಾಗಿದ್ದರೇನು, ಅವರ ಮುಖ ಕಣ್ಣಿಂದ ಹೋಗಲಿಲ್ಲ.

ಮೂರು ವಾರದ ನಂತರ ರೈತ ಫೋನ್ ಮಾಡಿದ. ಸರ್ ಎರಡೂ ಕೋವಿಗಳನ್ನು ತಾವೇ ಪೊಲೀಸ್ ಠಾಣೆಗೆ ಒಪ್ಪಿಸಿದ್ದರು. ಕಾರಿನಲ್ಲಿ ಕರೆದುಕೊಂಡು ಹೋದವನು ಅವನೇ. ಒರೆಸಿ, ಎಣ್ಣೆ ಹಚ್ಚಿ, ಎರಡರ ನಳಿಗೆಗೂ ಹಳದಿ ಡ್ಯಾಫೊಡಿಲ್ ಹೂವು ಸಿಕ್ಕಿಸಿ ತಂದಿದ್ದರಂತೆ. "ಆ ಹೂವನ್ನು ಏನು ಮಾಡಬೇಕೋ ಆ ಪೊಲೀಸಿಗೆ ತಿಳಿಯಲಿಲ್ಲ," ಎಂದ ರೈತ. "ಕೊನೆಗೆ ತನ್ನ ಟೀ ಕಪ್ಪಿನಲ್ಲಿ ನೀರು ತುಂಬಿ ಇಟ್ಟ."

ಸರ್ ನನ್ನ ಜೊತೆ ಒಂದು ವರ್ಷ ಮಾತಾಡಲಿಲ್ಲ. ನಾನು ಹೋದರೆ ಬಾಗಿಲು ತೆರೆಯುತ್ತಿರಲಿಲ್ಲ. ಮಾಡಿ ತಂದಿದ್ದನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಮುಂದಿನ ವಾರ ತೊಳೆದ ಡಬ್ಬಿ ಅದೇ ಮೆಟ್ಟಿಲ ಮೇಲಿರುತ್ತಿತ್ತು. ಆಮೇಲೆ ಡಬ್ಬಿ ತೊಳೆದಿರುತ್ತಿರಲಿಲ್ಲ. ಆಮೇಲೆ ಊಟವೇ ಹಾಗೇ ಉಳಿದಿರುತ್ತಿತ್ತು. ಕೌನ್ಸಿಲ್‌ನವರು ಬಂದು ನೋಡಿ ಅವರನ್ನು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮಿಗೆ ಸೇರಿಸಿದರು.

ಅಲ್ಲಿ ನನಗೆ ಬಾಗಿಲು ಮುಚ್ಚುವವರಿರಲಿಲ್ಲ. ನಾನು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಮೊದಲು ಹೋಯಿತು, ಕನ್ನಡವೂ ತುಂಡು ತುಂಡಾಗಿ ಉಳಿದಿತ್ತು. ಕನ್ನಡ ಮಾತಾಡುವ ನರ್ಸ್ ಎಂದುಕೊಂಡು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಒಂದು ಮಧ್ಯಾಹ್ನ ಅವರ ಉಗುರು ಕತ್ತರಿಸುತ್ತಿದ್ದೆ.

"ಇಲ್ಲೊಬ್ಳು ಹುಡುಗಿ ಇದ್ಲು. ಡಾಕ್ಟರು," ಎಂದರು.

"ಹೌದಾ?"

"ಧಾರವಾಡದವಳು. ಸಹಿ ಹಾಕು ಅಂದೆ. ಹಾಕ್ಲಿಲ್ಲ." ಕಿಟಕಿಯಾಚೆ ನೋಡಿದರು. "ನಂಗೆ ಕೋಪ ಬಂತು. ಅವಳಿಗೆ ಎಷ್ಟು ಕಷ್ಟ ಆಯ್ತೋ ಏನೋ. ನೀವು ಅವಳನ್ನ ಕಂಡ್ರೆ ಹೇಳಿ."

"ಏನು ಹೇಳ್ಲಿ ಸರ್?"

ಅವರು ತುಟಿ ಅಲ್ಲಾಡಿಸಿದರು. ಹುಡುಕುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಾನು ಅವರ ಬೆರಳು ಹಿಡಿದುಕೊಂಡೇ ಕಾದೆ. ಟೀ ತಳ್ಳುಗಾಡಿ ಬಂತು. ಅವರು ಬಿಸ್ಕತ್ತು ತೆಗೆದುಕೊಂಡರು. ಆ ಮಾತು ಮತ್ತೆ ಬರಲಿಲ್ಲ.

ಮಾರ್ಚ್ ತಿಂಗಳಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ದಹನಕ್ಕೆ ಎಂಟು ಜನ ಬಂದಿದ್ದೆವು. ಮುಗಿದ ಮೇಲೆ ರೈತ ನನ್ನ ಹತ್ತಿರ ಬಂದು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ತನ್ನ ಹೊಲಕ್ಕೆ ಬರಬೇಕೆಂದು ಕೇಳಿದ.

ಮುಳ್ಳುಬೇಲಿಯ ಪಕ್ಕ ಅವನು ತನ್ನ ಕೋವಿಗೆ ತೋಟಾ ತುಂಬಿದ. "ಅವರ ಕಡೆ ಪದ್ಧತಿ ಇದೆಯಂತೆ. ಸತ್ತರೆ ಎರಡು ಸಲ ಹಾರಿಸಬೇಕು, ಊರಿಗೆ ಗೊತ್ತಾಗಲಿ ಅಂತ. ಹುಟ್ಟಿದರೆ ಒಂದು. ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನಾ?"

"ಸರಿಯಾಗಿದೆ," ಎಂದೆ. ನನಗೂ ಅಷ್ಟು ಗೊತ್ತಿತ್ತು.

"ನಿಮ್ಮ ಮಗಳು ಹುಟ್ಟಿದ ದಿನ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದರು," ಎಂದ ರೈತ. "ಇಲ್ಲೇ ನಿಂತು ಒಂದು ಹಾರಿಸಿದರು. ಅವರ ಊರಲ್ಲಿ ಗಂಡುಮಗುವಿಗೆ ಮಾತ್ರವಂತೆ. 'ಇಲ್ಲಿ ಕೇಳೋರು ಯಾರಿದ್ದಾರೆ, ಇವಳು ನನ್ನ ಮೊಮ್ಮಗಳು,' ಅಂದರು. ನಿಮಗೆ ಹೇಳಿರಬೇಕಲ್ಲ?"

ಹೇಳಿರಲಿಲ್ಲ. ಏಳು ವರ್ಷ ನಮ್ಮ ಮೇಜಿನಲ್ಲಿ ಕೂತು ಉಂಡರೂ ಹೇಳಿರಲಿಲ್ಲ.

ರೈತ ಕೋವಿಯನ್ನು ಆಕಾಶಕ್ಕೆ ಎತ್ತಿದ. ನಾನು ಈ ಸಲ ಕಣ್ಣು ಮುಚ್ಚಲಿಲ್ಲ.