ಹೆಂಗಸರ ಕೋಣೆಯ ಕ್ಯಾಮರಾ

ಸಿರುಗುಪ್ಪ, ಕುರುಗೋಡು ಕಡೆ ನಮ್ಮ ಮುಸಲ್ಮಾನರ ಕೆಲವು ಮನೆಗಳ ಮದುವೆಯಲ್ಲಿ ಹೆಂಗಸರ ಕೋಣೆಗೆ ಗಂಡಸು ಫೋಟೊಗ್ರಾಫರ್ ಕಾಲಿಡುವಂತಿಲ್ಲ. ಅಲ್ಲಿ ಫೋಟೊ ತೆಗೆಯುವವಳು ನಾನು. ಹದಿನಾಲ್ಕು ವರ್ಷದಿಂದ ಒಂದೇ ಕರಾರು. ಮದುವೆ ಮುಗಿದ ಕೂಡಲೇ ಹಿರಿಯ ಹೆಂಗಸರಿಗೆ ಎಲ್ಲ ಫೋಟೊ ತೋರಿಸಬೇಕು, ಬೇಡವೆಂದದ್ದನ್ನು ಅಳಿಸಬೇಕು, ಉಳಿದದ್ದನ್ನು ಮೆಮೊರಿ ಕಾರ್ಡ್ ಸಮೇತ ಮದುಮಗಳ ತಾಯಿಯ ಕೈಗಿಟ್ಟು ಬರಬೇಕು. ನನ್ನ ಹತ್ತಿರ ಒಂದೂ ಉಳಿಯಬಾರದು.

"ಯಾಕ್ ಲೇ, ನನ್ ಮೂಗು ಇಷ್ಟ್ ದೊಡ್ಡದ್ ತಗದೀ?" ಎಂದು ಅಜ್ಜಿಯರು ಜಗಳಕ್ಕೆ ಬರುತ್ತಾರೆ. "ಮೂಗ ಹಂಗೈತಿ, ಕ್ಯಾಮರಾ ಏನ್ ಮಾಡೀತು?" ಎಂದು ನಾನೂ ಬಿಡುವುದಿಲ್ಲ.

ಕ್ಯಾಮರಾ ವಿದೇಶದ್ದು. ಅದನ್ನು ಮಾಡುವ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಳ್ಳುತ್ತದಂತೆ ಎಂಬ ಸುದ್ದಿ ಹೋದ ವರ್ಷದಿಂದ ಇತ್ತು. ಕ್ಯಾಮರಾ ಮಾಡುವುದನ್ನೇ ನಿಲ್ಲಿಸುತ್ತಾರೆ ಎಂದು ಒಬ್ಬರು, ಹೆಸರನ್ನಷ್ಟೇ ಇಟ್ಟುಕೊಂಡು ಫೋನಿಗೆ ಅಂಟಿಸುತ್ತಾರೆ ಎಂದು ಇನ್ನೊಬ್ಬರು. ಎಲ್ಲೋ ದೂರದಲ್ಲಿ ಯಾರೋ ಯಾರನ್ನೋ ಕೊಂಡರೆ ನನಗೇನು ಅಂತ ಸುಮ್ಮನಿದ್ದೆ. ಎಂಥಾ ದಡ್ಡಿ ನಾನು!

ಮೊನ್ನೆ ಕುರುಗೋಡಿನ ಮದುವೆಯಲ್ಲಿ ಕಾರ್ಡ್ ಹೊರಗೆ ಬರಲೇ ಇಲ್ಲ. ಮದುವೆಗೊಂದು ಕಾರ್ಡ್ ಹಾಕಿ, ತೆಗೆದು, ಹಾಕಿ, ತೆಗೆದು, ಕಾರ್ಡ್ ಕೂರುವ ಸಂದಿಯೇ ಸವೆದುಹೋಗಿತ್ತು. ಅರ್ಧ ಓರೆಯಾಗಿ ಸಿಕ್ಕಿಕೊಂಡು, ಕ್ಯಾಮರಾ ಆನ್ ಆಗುವುದೂ ನಿಂತಿತು. ಮದುಮಗಳ ತಾಯಿ ನನ್ನ ಮುಖವನ್ನೇ ನೋಡಿದರು. "ನಾಳೆ ಸಂಜಿ ಮಗ್ರಿಬ್ ನಮಾಜಿನೊಳಗ ತಂದು ಕೊಡ್ತೀನಿ ಖಾಲಾ, ಯಾರ ಕೈಗೂ ಹೋಗಂಗಿಲ್ಲ," ಎಂದು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದೆ. ಅಲ್ಲಿ ಆ ಕಂಪನಿಯ ಸರ್ವಿಸ್ ಅಂಗಡಿ ನಡೆಸುವ ಹಿರಿಯರಿಗೆ ನನ್ನ ಕರಾರು ಗೊತ್ತು. ಏನೇ ರಿಪೇರಿ ಇದ್ದರೂ ನನ್ನ ಎದುರಿಗೇ ಬಿಚ್ಚಿ, ಎದುರಿಗೇ ಮುಚ್ಚಿಕೊಡುತ್ತಿದ್ದರು. ಅವತ್ತು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

"ಬಿಚ್ಚಬ್ಯಾಡ್ರಿ ಅಂತ ಮ್ಯಾಲಿಂದ ಹೇಳ್ಯಾರಮ್ಮಾ. ಹೊಸ ಮಾಲೀಕ್ರು ಯಾರಂತ ತೀರ್ಮಾನ ಆಗಾತನ ಎಲ್ಲಾ ಬೆಂಗಳೂರಿಗೆ ಕಳಸ್ಬೇಕಂತ."

"ಕಾರ್ಡ್ ಸಮೇತಾನಾ?"

"ಹೂಂ, ಮತ್ತ ಹೆಂಗ? ಎಷ್ಟ್ ದಿನ ಆಕೈತೋ ಗೊತ್ತಿಲ್ಲ. ಯಾರ್ ನೋಡ್ತಾರೋ ಅದೂ ಗೊತ್ತಿಲ್ಲ."

"ನೀವ ತಗದ್ ಕೊಟ್ರ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾರ್ಡ್ ಕೂರೋ ಸ್ಲಾಟ್ ಒಡೀಬೇಕು. ಒಡದ್ರ ಹಾಕಾಕ ಬ್ಯಾರೆದಿಲ್ಲ. ಆರು ತಿಂಗಳಾತು, ಒಂದ್ ಪಾರ್ಟ್ ಬಂದಿಲ್ಲ. ಬರ್ತೈತೋ ಇಲ್ಲೋ ನನಗೂ ಹೇಳವ್ರಿಲ್ಲ. ಅಂಗಡಿನ ಇರ್ತೈತೋ ಇಲ್ಲೋ."

ನನ್ನ ಮೂರೂ ಲೆನ್ಸ್ ಬೇರೆ ಕಂಪನಿಯ ಕ್ಯಾಮರಾಕ್ಕೆ ಕೂರುವುದಿಲ್ಲ. ಇದು ಸತ್ತರೆ ಅವೂ ಸತ್ತಂತೆ. ಹಾಗಂತ ಆ ಮನೆಯ ಹೆಣ್ಣುಮಕ್ಕಳ ಸೆರಗಿಲ್ಲದ ತಲೆ, ಕುಣಿತ, ನಗು ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಗುರುತಿಲ್ಲದ ಗಂಡಸರ ಮೇಜಿಗೆ ಕಳಿಸಲೇ? ಅಲ್ಲಾನೇ ಕಾಪಾಡಬೇಕು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದೆಂದೂ ತಿಳಿಯಲಿಲ್ಲ.

"ಒಡದಬಿಡ್ರಿ ಅಣ್ಣಾರ," ಎಂದೆ.

ಅವರು ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದರು. ಚಿಮಟ ತೂರಿಸಿ ಬಲವಾಗಿ ಎಳೆದರು. ಲಟಕ್ಕೆಂದು ಒಂದು ಸದ್ದು. ಕಾರ್ಡನ್ನು ನನ್ನ ಅಂಗೈಗೆ ಹಾಕಿದರು, ಕ್ಯಾಮರಾವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ದುಡ್ಡು ಎಂದರೆ ಕೈ ಅಡ್ಡ ಮಾಡಿದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಮುಖ ಮುಚ್ಚಿಕೊಂಡು ಅತ್ತೆ.

ಹೊತ್ತು ಮುಳುಗುವ ಮೊದಲೇ ಕುರುಗೋಡು ತಲುಪಿದೆ. ಖಾಲಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಯಾರೂ ನೋಡಿಲ್ಲ ಹೌದಲ್ಲ?"

"ಯಾರೂ ನೋಡಿಲ್ಲ ಖಾಲಾ."

"ನಿನ್ ಮ್ಯಾಲ ನನಗ ಭರೋಸ ಐತಿ. ಇನ್ನೆರಡು ತಿಂಗಳದಾಗ ಸಣ್ಣಾಕಿದು ಮದುವಿ. ನೀನ ಬರ್ಬೇಕು. ಬ್ಯಾರೆ ಯಾರ್ನೂ ಒಳಗ ಬಿಡಂಗಿಲ್ಲ."

ಚಹಾ ತಂದ ಆ ಸಣ್ಣಾಕಿ ನಾಚಿಕೊಂಡು, "ಆಪಾ, ನಂದು ಒಂಟಿ ಫೋಟೊ ಭಾಳ ತಗೀರಿ," ಅಂದಳು. ಕ್ಯಾಮರಾ ಏನಾಯಿತೆಂದು ಯಾರೂ ಕೇಳಲಿಲ್ಲ. ಒಡೆದ ಕ್ಯಾಮರಾ ಇದ್ದ ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು, ಆ ಹುಡುಗಿಯ ಮುಖ ನೋಡಿ, "ತಗೀತೀನಮ್ಮಾ," ಎಂದುಬಿಟ್ಟೆ.